ಹದಿಹರೆಯದವರ ‘ಸೇಫ್ಟಿ ಪ್ಲಾನ್’ ಆ್ಯಪ್: ‘ಯೋಚನೆ ಮಾಡು’, ‘ಯೋಚನೆ ಬರು’ ಮತ್ತು ಇನ್ನೂ ಕೆಲವು ಪದಗಳು

ಗೆಳೆಯರೆ, ನಮಸ್ಕಾರ.

ಸಾಯಬೇಕು ಅನ್ನಿಸುವಷ್ಟು ನೋವಿನಲ್ಲಿರುವ ಹದಿಹರೆಯದವರಿಗಾಗಿ ಫೋನಿನಲ್ಲಿ ಬಳಸುವ ‘ಸೇಫ್ಟಿ ಪ್ಲಾನ್’ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಇದು ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಆರು ಹಂತಗಳ ಚಿಕ್ಕ ಬರಹ. ಮನಸ್ಸು ಕೆಡುತ್ತಿದೆ ಅನ್ನುವುದರ ಗುರುತುಗಳು, ಆಗ ತಾನಾಗಿಯೇ ಮಾಡಬಹುದಾದ್ದು, ಹೋಗಿ ಕೂರಬಹುದಾದ ಜಾಗ ಮತ್ತು ಜನ, ಬಾಯಿಬಿಟ್ಟು ಸಹಾಯ ಕೇಳಬಹುದಾದವರು, ವೈದ್ಯರು ಮತ್ತು ಸಹಾಯವಾಣಿ, ಕೊನೆಗೆ ಅಪಾಯದ ವಸ್ತುಗಳು ಕೈಗೆ ಸಿಗದಂತೆ ಮಾಡುವುದು. ಕೌನ್ಸೆಲರ್ ಜೊತೆಗೆ ಕೂತು ಇದನ್ನು ಮಗುವಿನ ಮಾತಿನಲ್ಲೇ ಬರೆಯಬೇಕು. ಕಾಗದ ಎಲ್ಲೋ ಉಳಿದುಬಿಡುತ್ತದೆ, ಫೋನ್ ಜೊತೆಗೇ ಇರುತ್ತದೆ. ಆಸ್ಟ್ರೇಲಿಯಾದ ಬಿಯಾಂಡ್ ನೌ ಇಂಥದ್ದೇ ಆ್ಯಪ್. ತಮಗೆ ತಾವೇ ಗಾಯ ಮಾಡಿಕೊಳ್ಳುವ ಹದಿಹರೆಯದವರಿಗಾಗಿ ಇರುವ ಇಂಗ್ಲೆಂಡಿನ ಬ್ಲೂಐಸ್ ಆ್ಯಪ್ ಅನ್ನಂತೂ ಆ ನೋವು ಉಂಡ ಹುಡುಗ ಹುಡುಗಿಯರ ಜೊತೆಗೇ ಕೂತು ತಯಾರಿಸಿದರು. ನಮ್ಮ ಕನ್ನಡವೂ ಹಾಗೇ ಅವರ ಬಾಯಿಂದ ಬರಬೇಕು ಅನ್ನುವುದು ನನ್ನ ಆಸೆ.

ಮೊದಲ ತೊಡಕು ಹೆಸರಿನದ್ದೇ. ‘ಸುರಕ್ಷತಾ ಯೋಜನೆ’ ಅಂದರೆ ಯಾವುದೋ ಸರ್ಕಾರಿ ಸ್ಕೀಮ್ ಅನ್ನಿಸುತ್ತದೆ. ‘ಪ್ಲಾನ್’ ಅಂತಲೇ ಉಳಿಸೋಣ ಅಂದರೆ, ‘ಹೇಗೆ ಸಾಯಬೇಕು ಅಂತ ಪ್ಲಾನ್ ಏನಾದರೂ ಮಾಡಿದ್ದೀಯಾ?’ ಅಂತ ಕೌನ್ಸೆಲರ್‌ಗಳು ಕೇಳುವುದೂ ಅದೇ ಪದದಲ್ಲಿ. ಸದ್ಯಕ್ಕೆ ‘ಕಷ್ಟದ ಹೊತ್ತಿಗೆ ನನ್ನ ದಾರಿ’ ಅಂತ ಇಟ್ಟಿದ್ದೇನೆ. ಸ್ವಲ್ಪ ಉದ್ದವಾಯಿತು, ಅಲ್ವಾ?

ನನ್ನನ್ನು ಜಾಸ್ತಿ ಕಾಡುತ್ತಿರುವುದು ಈ ಪ್ರಶ್ನೆಯ ಅನುವಾದ: ‘ನೀನು ಆತ್ಮಹತ್ಯೆಯ ಬಗ್ಗೆ ಯೋಚನೆ ಮಾಡುತ್ತಿದ್ದೀಯಾ?’ ಕನ್ನಡದಲ್ಲಿ ‘ಯೋಚನೆ ಮಾಡು’ ಅಂದರೆ ಕೂತು ಲೆಕ್ಕ ಹಾಕಿದ ಹಾಗೆ. ‘ಯೋಚನೆ ಬರು’ ಅಂದರೆ ಅದು ತಾನಾಗಿ ಬಂದದ್ದು. ‘ನನಗೆ ಹಾಗೆ ಅನ್ನಿಸುತ್ತೆ’ ಅನ್ನುವಾಗಲೂ ಅಷ್ಟೇ, ಅಲ್ಲಿ ‘ನಾನು’ ಇಲ್ಲ, ‘ನನಗೆ’ ಇದೆ. ಹದಿನಾಲ್ಕರ ಹುಡುಗಿಗೆ ‘ಮಾಡುತ್ತಿದ್ದೀಯಾ’ ಅಂದರೆ ತಪ್ಪು ಹಿಡಿದ ಹಾಗೆ ಕೇಳಿಸುತ್ತದೆ. ‘ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆಯಾ?’ ಅಂದರೆ ಅವಳು ಹೌದು ಅನ್ನಬಹುದು. ಸಾಯಬೇಕು ಅನ್ನಿಸುವುದು ಬೇರೆ, ಹೇಗೆ ಅಂತ ಲೆಕ್ಕ ಹಾಕುವುದು ಬೇರೆ. ಎರಡನೆಯದರಲ್ಲಿ ಅಪಾಯ ಹೆಚ್ಚು, ಆದ್ದರಿಂದ ಕೌನ್ಸೆಲರ್‌ಗಳು ಎರಡನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ. ನಮ್ಮ ಕ್ರಿಯಾಪದದಲ್ಲೇ ಆ ವ್ಯತ್ಯಾಸ ಇರುವಾಗ ಅದನ್ನು ಬಿಡಬಾರದು.

ಹಾಗಂತ ಮಾತನ್ನು ಮರೆಮಾಚುವುದೂ ಬೇಡ. ‘ಜೀವನ ಸಾಕಾಗಿದೆಯಾ?’ ಅಂತ ಹಾಕೋಣ ಅಂತ ಒಬ್ಬರು ಸೂಚಿಸಿದರು. ಹೋಮ್‌ವರ್ಕ್ ಜಾಸ್ತಿಯಾದರೂ ಮಕ್ಕಳು ‘ಸಾಕಾಗಿದೆ’ ಅಂತಾರೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅನ್ನುವ ಭಯ ನಮ್ಮಲ್ಲಿದೆ. ಅದು ನಿಜವಲ್ಲ. ಕೇಳಿದವರಿಗೆ ಹೇಳಿಕೊಂಡು ಎಷ್ಟೋ ಮಕ್ಕಳು ಹಗುರಾಗುತ್ತಾರೆ.

‘ಆತ್ಮಹತ್ಯೆ’ ಎಂಬ ಪದದ ‘ಹತ್ಯೆ’ ನನಗೆ ಹಿಡಿಸುವುದಿಲ್ಲ, ಆದರೆ ಎಲ್ಲರಿಗೂ ಅರ್ಥವಾಗುವುದು ಅದೇ. ಪತ್ರಿಕೆಗಳ ‘ಆತ್ಮಹತ್ಯೆಗೆ ಶರಣು’ ಮಾತ್ರ ಎಲ್ಲೂ ಬರಬಾರದು. ‘ಶರಣು’ ಅಂದಾಗ ಸಾವು ಆಸರೆ ಕೊಡುವ ಜಾಗ ಅನ್ನಿಸಿಬಿಡುತ್ತದೆ. ಬದುಕಿ ಉಳಿದವರ ಯತ್ನವನ್ನು ‘ವಿಫಲ’ ಅನ್ನುವುದೂ ಬೇಡ.

ಮನಸ್ಸು ಹೇಗಿದೆ ಅಂತ ಗುರುತು ಹಾಕುವ ಕಡೆ ‘ಬೇಜಾರು’ ಇಡಬಹುದೇ? ಬೋರ್ ಆದರೂ ಬೇಜಾರು, ದುಃಖವಾದರೂ ಬೇಜಾರು, ಸಿಟ್ಟು ಬಂದರೂ ಬೇಜಾರು.

ಸಂಬೋಧನೆಯಲ್ಲಿ ‘ನೀವು’ ದೂರವಾಯಿತು, ‘ನೀನು’ ಕೆಲವರಿಗೆ ಮೇಷ್ಟರ ದನಿ. ಮಗು ಬರೆಯುವ ಭಾಗವೆಲ್ಲ ‘ನಾನು’ ಅಂತಲೇ ಇರುತ್ತದೆ. ಸಹಾಯವಾಣಿಯ ಗುಂಡಿಯ ಮೇಲೆ ‘ಈಗಲೇ ಮಾತಾಡು’ ಅಂತ ಹಾಕಿದ್ದೇನೆ. ಅದು ಟೆಲಿ ಮಾನಸ್‌ನ 14416ಕ್ಕೆ ಹೋಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮಗೇ ಅಥವಾ ಮನೆಯಲ್ಲಿ ಯಾರಿಗಾದರೂ ಬೇಕಾದರೂ ಇದೇ ನಂಬರು.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಮಕ್ಕಳು ಮನಸ್ಸು ತೀರಾ ಕೆಟ್ಟಾಗ ಏನಂತಾರೆ? ಮನೆಯಲ್ಲಿ, ಶಾಲೆಯಲ್ಲಿ ಕೇಳಿದ ಮಾತನ್ನು ಇದ್ದ ಹಾಗೇ ಬರೆದು ಕಳಿಸಿ. ಮೊದಲ ಹಂತದ ಹೆಸರಿಗೆ ‘ಎಚ್ಚರಿಕೆಯ ಲಕ್ಷಣ’ದ ಬದಲು ಬರೀ ‘ಗುರುತು’ ಸಾಕೇ ಅನ್ನುವುದನ್ನೂ ತಿಳಿಸಿ.