ವರದಿಯಲ್ಲಿ ‘ಅನಿಶ್ಚಿತ’, ಆಸ್ಪತ್ರೆಯ ದಾಖಲೆಯಲ್ಲಿ ‘ಪಾಸಿಟಿವ್’: ಯಾವುದನ್ನು ನಂಬಬೇಕು?

ಪ್ರಶ್ನೆ:
ನಮಸ್ಕಾರ. ನನ್ನ ಚಿಕ್ಕಮ್ಮನಿಗೆ ನಲವತ್ತರ ಆಸುಪಾಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿದ್ದರಿಂದ, ವೈದ್ಯರ ಸಲಹೆಯಂತೆ ನಾನು ಜೀನ್ ಪರೀಕ್ಷೆ ಮಾಡಿಸಿಕೊಂಡೆ. ಸ್ತನ ಕ್ಯಾನ್ಸರ್‌ನ ಅಪಾಯಕ್ಕೆ ಸಂಬಂಧಿಸಿದ ಬಿಆರ್‌ಸಿಎ2 ಜೀನಿನಲ್ಲಿ ಒಂದು ಬದಲಾವಣೆ ಕಂಡಿದೆಯೆಂದೂ ಅದರ ಪರಿಣಾಮ ಅನಿಶ್ಚಿತವೆಂದೂ ಪ್ರಯೋಗಾಲಯದ ವರದಿ ಹೇಳುತ್ತದೆ. ಆದರೆ ಆಸ್ಪತ್ರೆಯ ಆ್ಯಪ್‌ನಲ್ಲಿ ನನ್ನ ಹೆಸರಿನ ಕೆಳಗೆ ‘ಬಿಆರ್‌ಸಿಎ2 ಪಾಸಿಟಿವ್’ ಎಂದು ದಾಖಲಾಗಿದ್ದು, ಅದನ್ನೇ ಆಧರಿಸಿ ಅಲ್ಲಿನ ತಂತ್ರಾಂಶ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಅಪಾಯವನ್ನು ಶೇ 70ರ ಹತ್ತಿರ ತೋರಿಸುತ್ತಿದೆ. ನಾನು ಮುಂಜಾಗ್ರತೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕೇ? ನನ್ನ ತಂಗಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ 1 (ಜೆನೆಟಿಕ್ ಕೌನ್ಸೆಲರ್):
ಪ್ರಯೋಗಾಲಯದ ವರದಿಯನ್ನೇ ನಂಬಿ. 2015ರ ಅಮೆರಿಕನ್ ಮಾರ್ಗಸೂಚಿಯ ಪ್ರಕಾರ ಇಂತಹ ಬದಲಾವಣೆಗಳನ್ನು ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ ಎಂದು ಐದು ವರ್ಗಗಳಾಗಿ ವಿಂಗಡಿಸುತ್ತಾರೆ. ನೀವು ಹೇಳುವ ಶೇ 70ರ ಆಸುಪಾಸಿನ ಅಂದಾಜು ರೋಗಕಾರಕ ಬದಲಾವಣೆ ಇರುವ ಮಹಿಳೆಯರಿಗೆ, ಅದೂ 80ನೇ ವಯಸ್ಸಿನವರೆಗೆ ಲೆಕ್ಕ ಹಾಕಿದಾಗ ಬರುವಂಥದ್ದು. ಅನಿಶ್ಚಿತ ವರ್ಗದವುಗಳಲ್ಲಿ ಮುಂದೆ ಮರುವಿಂಗಡಣೆಯಾಗುವ ಹೆಚ್ಚಿನವು ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ. ಆದ್ದರಿಂದ ಬರೀ ಅದರ ಆಧಾರದ ಮೇಲೆ ಶಸ್ತ್ರಚಿಕಿತ್ಸೆಯನ್ನು ಯಾರೂ ಸೂಚಿಸಬಾರದು. ಈ ಒಂದು ಬದಲಾವಣೆಗಾಗಿ ತಂಗಿಯನ್ನು ಪರೀಕ್ಷಿಸಿದರೆ ಆಕೆಗೆ ಉಪಯೋಗವಿಲ್ಲ. ಚಿಕ್ಕಮ್ಮ ಒಪ್ಪಿದರೆ ಅವರಿಗೇ ಪೂರ್ಣ ಪರೀಕ್ಷೆ ಮಾಡಿಸುವುದು ಹೆಚ್ಚು ಫಲಕಾರಿ, ಏಕೆಂದರೆ ರೋಗ ಬಂದವರಲ್ಲಿ ಹುಡುಕಿದಾಗಲೇ ಕುಟುಂಬದ ಕಾರಣ ಸಿಗುವ ಸಾಧ್ಯತೆ ಜಾಸ್ತಿ.

ಉತ್ತರ 2 (ಆಸ್ಪತ್ರೆ ತಂತ್ರಾಂಶ ಕ್ಷೇತ್ರದವರು):
ಈ ಎಡವಟ್ಟು ಹೇಗಾಗುತ್ತದೆಂದು ಹೇಳುತ್ತೇನೆ. ವರದಿ ಸಾಮಾನ್ಯವಾಗಿ ಪಿಡಿಎಫ್ ರೂಪದಲ್ಲಿ ಬರುತ್ತದೆ. ಅದನ್ನು ಓದಿ ಯಾರೋ ಕೈಯಾರೆ ನಮೂದಿಸುವಾಗ ಪರದೆಯಲ್ಲಿ ‘ಪಾಸಿಟಿವ್’, ‘ನೆಗೆಟಿವ್’ ಎಂಬ ಎರಡೇ ಆಯ್ಕೆಗಳಿದ್ದರೆ, ‘ಏನೋ ಕಂಡಿದೆಯಲ್ಲ’ ಎಂದು ಮೊದಲನೆಯದನ್ನೇ ಒತ್ತುತ್ತಾರೆ. ಜೀನ್, ಬದಲಾವಣೆ, ವರ್ಗ ಇವನ್ನು ಬೇರೆಬೇರೆಯಾಗಿ, ಯಂತ್ರ ಓದಬಲ್ಲ ರೂಪದಲ್ಲಿ ಕಳಿಸಲು ಎಫ್‌ಎಚ್‌ಐಆರ್ ಎಂಬ ಮಾನದಂಡವಿದೆ, ಆದರೆ ಎಲ್ಲರೂ ಬಳಸುವುದಿಲ್ಲ. ತಿದ್ದುಪಡಿ ಕೋರಿ ವರದಿಯ ಪ್ರತಿಯೊಂದಿಗೆ ದಾಖಲೆ ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ, ಮತ್ತು ಈ ತಪ್ಪು ನಮೂದು ಬೇರೆ ಯಾವ ವ್ಯವಸ್ಥೆಗಳಿಗೆ ಹೋಗಿದೆಯೆಂದೂ ಕೇಳಿ. ಒಂದು ಕಡೆ ಅಳಿಸಿದರೂ ಇನ್ನೊಂದು ಕಡೆಯಿಂದ ಅದು ಮರಳಿ ಬರುವುದುಂಟು.

ಉತ್ತರ 3:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ನಮೂದನ್ನು ಸರಿಪಡಿಸಿದ ಮೇಲೆ ಅಪಾಯವನ್ನು ಮತ್ತೆ ಲೆಕ್ಕ ಹಾಕಿಸುವಾಗ ಯಾವ ಲೆಕ್ಕಾಚಾರದ ಮಾದರಿ ಬಳಸುತ್ತಾರೆಂದು ಕೇಳಿ. 1989ರ ಗೇಲ್ ಮಾದರಿ ತಾಯಿ, ಅಕ್ಕತಂಗಿಯರು, ಹೆಣ್ಣುಮಕ್ಕಳನ್ನಷ್ಟೇ ಗಣಿಸುವುದರಿಂದ ನಿಮ್ಮ ಚಿಕ್ಕಮ್ಮ ಅದರ ಲೆಕ್ಕಕ್ಕೇ ಬರುವುದಿಲ್ಲ, ಅಪಾಯ ಕಡಿಮೆಯೆಂದು ತೋರಿಬಿಡಬಹುದು. ಬೊಆಡಿಸಿಯಾ ಎಂಬ ಇನ್ನೊಂದು ಮಾದರಿಯನ್ನು ಬಳಸುವ ಕ್ಯಾನ್‌ರಿಸ್ಕ್ ತಂತ್ರಾಂಶ ತಂದೆಯ ಕಡೆಯವರನ್ನೂ ಸೇರಿಸಿ ಇಡೀ ವಂಶವೃಕ್ಷವನ್ನು ನೋಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಚಿಕ್ಕಮ್ಮ ಪರೀಕ್ಷೆಗೆ ಒಪ್ಪಿದ್ದಾರೆ. ಬದಲಾವಣೆಯ ವರ್ಗ ಮುಂದೆ ಬದಲಾದರೆ ನನಗೆ ತಾನಾಗಿಯೇ ತಿಳಿಯುತ್ತದೆಯೇ?

ಉತ್ತರ 1:
ಅದನ್ನು ನೆಚ್ಚಿಕೊಂಡು ಕೂರಬೇಡಿ. ಕೆಲವು ಪ್ರಯೋಗಾಲಯಗಳು ವೈದ್ಯರಿಗೆ ಪರಿಷ್ಕೃತ ವರದಿ ಕಳಿಸುತ್ತವೆ, ಆದರೆ ಆ್ಯಪ್‌ನಲ್ಲಿರುವ ಹಳೆಯ ಪಿಡಿಎಫ್ ಹಾಗೆಯೇ ಉಳಿದಿರುತ್ತದೆ. ಒಂದೆರಡು ವರ್ಷಕ್ಕೊಮ್ಮೆ ನೀವೇ ವಿಚಾರಿಸಿ.