ಬೂಮ್ ಚಾಚಿದಾಗ ಮಾತ್ರ ಕಡಿದುಹೋಗುವ ಕ್ಯಾನ್ ಬಸ್ ಸಂಪರ್ಕ: ದೋಷವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ (ಯಾರ್ಡ್ ಮೆಕ್ಯಾನಿಕ್, ನೆಲಮಂಗಲ)

ಎಲ್ಲರಿಗೂ ನಮಸ್ಕಾರ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಯಾರ್ಡ್ ಒಂದರಲ್ಲಿ ನಾನು ದುರಸ್ತಿಯ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವ 60 ಅಡಿಯ ಡೀಸೆಲ್ ಟೆಲಿಸ್ಕೋಪಿಕ್ ಬೂಮ್ ಲಿಫ್ಟ್ (ಉದ್ದಕ್ಕೆ ಚಾಚಿಕೊಳ್ಳುವ ತೋಳಿನ ತುದಿಯ ಬ್ಯಾಸ್ಕೆಟ್‌ನಲ್ಲಿ ಜನರನ್ನು ಮೇಲೆತ್ತುವ ಯಂತ್ರ) ಒಂದು ಕಳೆದ ತಿಂಗಳಿನಿಂದ ತೊಂದರೆ ಕೊಡುತ್ತಿದೆ. ಬೂಮ್ ಪೂರ್ತಿ ಒಳಗಿರುವಾಗ ಬ್ಯಾಸ್ಕೆಟ್‌ನ ಜಾಯ್‌ಸ್ಟಿಕ್‌ಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಬೂಮ್ ಮೂರು ಮೀಟರ್‌ನಷ್ಟು ಹೊರಗೆ ಚಾಚಿಕೊಂಡ ಮೇಲೆ ಬ್ಯಾಸ್ಕೆಟ್ ಕಂಟ್ರೋಲ್ ಸತ್ತಂತಾಗಿ, ಎಂಜಿನ್ ನಿಂತು, ಕೆಳಗಿನ ಪ್ಯಾನೆಲ್‌ನಲ್ಲಿ ಸಂವಹನ ದೋಷದ ಕೋಡ್ ಬರುತ್ತದೆ. ಕೀಲಿಯನ್ನು ಗ್ರೌಂಡ್ ಕಂಟ್ರೋಲ್ ಕಡೆಗೆ ತಿರುಗಿಸಿದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುತ್ತದೆ, ಬೂಮ್ ಒಳಗೆ ಬರುತ್ತದೆ. ಹಿಂದಿನ ವಾರ ಒಂದು ಗೋದಾಮಿನ ಸೈಟಿನಲ್ಲಿ ಇಬ್ಬರು ಪೇಂಟರ್‌ಗಳು ಮೇಲೆಯೇ ಉಳಿದುಬಿಟ್ಟರು, ಅವರನ್ನು ಹೀಗೆಯೇ ಕೆಳಗಿನಿಂದ ಇಳಿಸಬೇಕಾಯಿತು.

ಬ್ಯಾಟರಿ ಬಿಚ್ಚಿ, ಟರ್ನ್‌ಟೇಬಲ್ (ಬೂಮ್ ಕೂತಿರುವ, ತಿರುಗುವ ಬುಡ) ಕಡೆಯ ಕನೆಕ್ಟರ್‌ನಲ್ಲಿ ಕ್ಯಾನ್ ಬಸ್ಸಿನ, ಅಂದರೆ ಕಂಟ್ರೋಲ್ ಮಾಡ್ಯೂಲ್‌ಗಳು ಪರಸ್ಪರ ಸಂದೇಶ ಕಳಿಸುವ ಜೋಡಿ ತಂತಿಯ, ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ಅಳೆದಾಗ 60 ಓಮ್ ಬಂತು. ತಂತಿ ಸರಿಯಾಗಿದೆ ಎಂದು ತಿಳಿದು ಬ್ಯಾಸ್ಕೆಟ್‌ನ ಕನ್ಸೋಲ್ (ಜಾಯ್‌ಸ್ಟಿಕ್‌ಗಳಿರುವ ಪೆಟ್ಟಿಗೆ) ಅನ್ನೇ ಹೊಸದು ಹಾಕಿದೆವು. ಅದಕ್ಕೆ ಸಾಕಷ್ಟು ಹಣ ಹೋಯಿತು, ದೋಷ ಮಾತ್ರ ಹಾಗೆಯೇ ಇದೆ. ಮಾಲೀಕರು ಈಗ ಮುಖ್ಯ ಮಾಡ್ಯೂಲ್ (ಇಡೀ ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೂಡ ಬದಲಿಸಿ ನೋಡೋಣ ಎನ್ನುತ್ತಿದ್ದಾರೆ. ಅದಕ್ಕೆ ಮುಂಚೆ ನಾನು ಇನ್ನೇನನ್ನು ಪರೀಕ್ಷಿಸಬೇಕು?

ಉತ್ತರ 1 (ಸರ್ವಿಸ್ ಎಂಜಿನಿಯರ್, ಹೊಸೂರು)

ಮಾಡ್ಯೂಲ್‌ಗೆ ದಯವಿಟ್ಟು ಕೈ ಹಾಕಬೇಡಿ. ನಿಮ್ಮ 60 ಓಮ್ ಅಳತೆ ತಪ್ಪಲ್ಲ, ಆದರೆ ಯಂತ್ರ ಸರಿಯಾಗಿ ಕೆಲಸ ಮಾಡುವ ಭಂಗಿಯಲ್ಲಿಯೇ ನೀವು ಅದನ್ನು ಅಳೆದಿದ್ದೀರಿ. ಬೂಮ್ ಒಳಗಿರುವಾಗ ತಂತಿ ಕೂಡಿಕೊಂಡಿದೆ ಎಂಬುದನ್ನು ಆ 60 ಹೇಳುತ್ತದೆಯೇ ಹೊರತು ಬೂಮ್ ಚಾಚಿದಾಗ ಏನಾಗುತ್ತದೆ ಎಂಬುದನ್ನಲ್ಲ.

ಬಸ್ಸಿನ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ಟರ್ಮಿನೇಟರ್ (ಎರಡು ತಂತಿಗಳ ನಡುವೆ ಹಾಕಿದ ರೆಸಿಸ್ಟರ್) ಇರುತ್ತದೆ, ಅವೆರಡೂ ಸಮಾಂತರವಾಗಿರುವುದರಿಂದ ಮೀಟರ್‌ನಲ್ಲಿ 60 ಕಾಣುತ್ತದೆ. ನಡುವೆ ಯಾವುದಾದರೂ ಒಂದು ತಂತಿ ಕಡಿದರೆ ಆ ಕಡೆಯ ಟರ್ಮಿನೇಟರ್ ಮೀಟರ್‌ಗೆ ಕಾಣದೆ 120 ಬರುತ್ತದೆ. ಎರಡು ತಂತಿಗಳು ಒಂದಕ್ಕೊಂದು ತಗುಲಿದ್ದರೆ ಸೊನ್ನೆಯ ಹತ್ತಿರ ಬರುತ್ತದೆ. 40 ಬಂದರೆ ಎಲ್ಲೋ ಮೂರನೆಯ ಟರ್ಮಿನೇಟರ್ ಸೇರಿಕೊಂಡಿದೆ ಎಂದರ್ಥ. ನೀವು ಕನ್ಸೋಲ್ ಬದಲಿಸಿರುವುದರಿಂದ ಈ ಕೊನೆಯದನ್ನು ಗಮನಿಸಿ: ಹಾರ್ನೆಸ್‌ನಲ್ಲಿ (ತಂತಿಗಳ ಕಟ್ಟಿನಲ್ಲಿ) ಪ್ರತ್ಯೇಕ ಟರ್ಮಿನೇಟರ್ ಪ್ಲಗ್ ಇದ್ದು, ಹೊಸ ಕನ್ಸೋಲ್‌ನ ಒಳಗೂ ಒಂದು ಇದ್ದರೆ ನಿಮ್ಮ ಕೈಯಾರೆ ಹೊಸ ದೋಷವೊಂದನ್ನು ಸೇರಿಸಿದಂತಾಗುತ್ತದೆ. ಇನ್ನೊಂದು ಮಾತು, ಅನೇಕ ಯಂತ್ರಗಳಲ್ಲಿ ಎಂಜಿನ್ ಇಸಿಯುವಿನ (ಎಂಜಿನ್ನಿನ ಕಂಟ್ರೋಲ್ ಮಾಡ್ಯೂಲಿನ) ಬಸ್ ಬೇರೆ, ಕಂಟ್ರೋಲ್‌ಗಳ ಬಸ್ ಬೇರೆ ಇರುತ್ತದೆ. ವೈರಿಂಗ್ ಡಯಾಗ್ರಮ್ ನೋಡಿ ಸರಿಯಾದ ಜೋಡಿಯನ್ನೇ ಹಿಡಿದಿದ್ದೀರೆಂದು ಖಚಿತಪಡಿಸಿಕೊಳ್ಳಿ.

ಈಗ ಮಾಡಬೇಕಾದ ಕೆಲಸ ಇದು. ಸಮತಟ್ಟಾದ ಗಟ್ಟಿ ನೆಲದಲ್ಲಿ, ಬ್ಯಾಸ್ಕೆಟ್ ಖಾಲಿ ಇಟ್ಟುಕೊಂಡು, ಬೂಮ್ ಅನ್ನು ಮೇಲೆತ್ತದೆ ಅಡ್ಡಲಾಗಿಯೇ ಗ್ರೌಂಡ್ ಕಂಟ್ರೋಲ್‌ನಿಂದ ಹೊರಗೆ ಚಾಚಿ. ಆಗ ಬ್ಯಾಸ್ಕೆಟ್‌ನ ಪ್ಲಗ್ ನೆಲದಲ್ಲಿ ನಿಂತವರ ಕೈಗೇ ಸಿಗುತ್ತದೆ, ಯಾರೂ ಎತ್ತರದಲ್ಲಿ ಇರಬೇಕಾಗುವುದಿಲ್ಲ. ದೋಷ ಬಂದ ಜಾಗದಲ್ಲಿಯೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಕೆಲವು ನಿಮಿಷ ಬಿಟ್ಟು ಅಳೆಯಿರಿ. ವಿದ್ಯುತ್ ಇರುವಾಗ ಓಮ್ ಅಳೆದರೆ ಬರುವ ಅಂಕಿಗೆ ಅರ್ಥವಿರುವುದಿಲ್ಲ. 120 ಬಂದರೆ ಡ್ರ್ಯಾಗ್ ಚೈನ್ (ಬೂಮ್ ಜೊತೆ ಚಲಿಸುವ ತಂತಿ, ಹೋಸ್‌ಗಳನ್ನು ಹೊತ್ತ ಮಡಚುವ ಸರಪಳಿ) ಒಳಗೆ ತಂತಿ ಕಡಿದಿದೆ ಎಂದೇ ನಾನು ಹೇಳುತ್ತೇನೆ.

ಎರಡರಲ್ಲಿ ಯಾವ ತಂತಿ ಕಡಿದಿದೆ ಎಂದು ತಿಳಿಯಲು ಅಷ್ಟುದ್ದದ ಮೀಟರ್ ವೈರ್ ಯಾರ ಬಳಿಯೂ ಇರುವುದಿಲ್ಲ. ಎರಡೂ ಕಡೆಯ ಪ್ಲಗ್ ಬಿಚ್ಚಿಟ್ಟು, ಬ್ಯಾಸ್ಕೆಟ್ ತುದಿಯಲ್ಲಿ ಕ್ಯಾನ್ ಹೈ ತಂತಿಯನ್ನು ಒಂದು ತುಂಡು ವೈರ್‌ನಿಂದ ಅರ್ಥ್ ತಂತಿಗೆ ಸೇರಿಸಿ, ಈ ಕಡೆ ಅವೆರಡರ ನಡುವೆ ಕಂಟಿನ್ಯುಟಿ ನೋಡಿ. ಆಮೇಲೆ ಕ್ಯಾನ್ ಲೋಗೂ ಹಾಗೆಯೇ ಮಾಡಿ. ಮೆಗ್ಗರ್ (ಹೆಚ್ಚು ವೋಲ್ಟೇಜ್ ಹಾಕಿ ತಂತಿಯ ಹೊದಿಕೆಯನ್ನು ಪರೀಕ್ಷಿಸುವ ಮೀಟರ್) ಬಳಸುವುದು ಬೇಡ, ಒಂದು ಮಾಡ್ಯೂಲ್ ಮರೆತು ಸೇರಿಕೊಂಡಿದ್ದರೂ ಅದು ಸುಟ್ಟುಹೋಗಬಹುದು.

ಉತ್ತರ 2 (ಮಂಗಳೂರಿನವನು, ಈಗ ಸೌದಿಯ ಜುಬೈಲ್‌ನಲ್ಲಿ)

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ, ಆದರೆ ಕ್ಯಾನ್ ತಂತಿಯೇ ಅಪರಾಧಿ ಎಂದು ಅಷ್ಟು ಬೇಗ ತೀರ್ಮಾನಿಸಬಾರದು ಎಂಬುದು ನನ್ನ ಅಭಿಪ್ರಾಯ. ಕನ್ಸೋಲ್‌ಗೆ ಹೋಗುವ ಪವರ್ ಅಥವಾ ಅರ್ಥ್ ತಂತಿ ಕಡಿದರೂ ಕೆಳಗಿನ ಪ್ಯಾನೆಲ್ ತೋರಿಸುವುದು ಇದೇ ಸಂವಹನ ದೋಷವನ್ನೇ, ಏಕೆಂದರೆ ಕನ್ಸೋಲ್‌ನಿಂದ ಸಂದೇಶ ಬರಲಿಲ್ಲ ಎಂಬುದಷ್ಟೇ ಮುಖ್ಯ ಮಾಡ್ಯೂಲ್‌ಗೆ ತಿಳಿಯುತ್ತದೆ.

ಇಲ್ಲಿನ ಬಿಸಿಲಿಗೆ ತಂತಿಯ ಹೊದಿಕೆ ಗಟ್ಟಿಯಾಗಿ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಕೊನೆಗೆ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ಎಂದೇ ಹೇಳುತ್ತದೆ, ಏಕೆಂದರೆ ಮೀಟರ್ ಎಳೆದುಕೊಳ್ಳುವ ಕರೆಂಟ್ ತೀರಾ ಕಡಿಮೆ. ಅದಕ್ಕಾಗಿ ನಾನು 21 ವ್ಯಾಟ್‌ನ ಒಂದು ಇಂಡಿಕೇಟರ್ ಬಲ್ಬ್‌ಗೆ ಎರಡು ವೈರ್ ಬೆಸೆದು ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ. ಬ್ಯಾಸ್ಕೆಟ್ ಪ್ಲಗ್‌ನ ಪವರ್ ಮತ್ತು ಅರ್ಥ್ ಪಿನ್‌ಗಳ ನಡುವೆ ಅದನ್ನು ಹಚ್ಚಿದರೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಹರಿಯುತ್ತದೆ. ಬಲ್ಬ್ ಮಂಕಾಗಿ ಉರಿದರೆ, ಇಲ್ಲವೇ ಬೂಮ್ ಚಾಚಿದಾಗ ಆರಿದರೆ, ಪವರ್ ಅಥವಾ ಅರ್ಥ್ ತಂತಿ ಹೋಗಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಈ ಬಲ್ಬನ್ನು ಕ್ಯಾನ್ ತಂತಿಗಳಿಗೆ ಮಾತ್ರ ಎಂದೂ ಹಚ್ಚಬೇಡಿ.

ಕ್ಯಾನ್ ತಂತಿಗಳನ್ನು ವಿದ್ಯುತ್ ಇರುವಾಗ ನೋಡುವುದಾದರೆ ಅರ್ಥ್‌ನಿಂದ ಎರಡಕ್ಕೂ ಎರಡೂವರೆ ವೋಲ್ಟ್ ಆಸುಪಾಸು ಇರಬೇಕು, ಹೈ ಸ್ವಲ್ಪ ಮೇಲೆ, ಲೋ ಸ್ವಲ್ಪ ಕೆಳಗೆ, ಎರಡನ್ನೂ ಕೂಡಿದರೆ ಹತ್ತಿರ ಹತ್ತಿರ 5. ಒಂದು ಸೊನ್ನೆಗೆ ಅಂಟಿಕೊಂಡಿದ್ದರೆ ಅದು ಅರ್ಥ್‌ಗೆ ತಗುಲಿದೆ, ಬ್ಯಾಟರಿ ವೋಲ್ಟೇಜ್ ತೋರಿಸಿದರೆ ಪವರ್‌ಗೆ ತಗುಲಿದೆ.

ಪ್ಲಗ್‌ನ ಹೆಣ್ಣು ಪಿನ್‌ಗಳ ಒಳಗೆ ಮೀಟರ್‌ನ ದಪ್ಪ ಮೊನೆಯನ್ನು ತೂರಿಸುವ ಅಭ್ಯಾಸ ಅನೇಕರಿಗೆ ಇದೆ. ಅದರಿಂದ ಪಿನ್ ಅಗಲವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದೇ ಅಳತೆಯ ಬಿಡಿ ಗಂಡು ಪಿನ್ ಒಂದನ್ನು ಹಾಕಿ ಎಳೆದು ನೋಡಿ, ಸಲೀಸಾಗಿ ಜಾರಿ ಬಂದರೆ ಆ ಪಿನ್ ಬದಲಿಸಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು ಸರ್. ನಿನ್ನೆ ಇಡೀ ದಿನ ಇದಕ್ಕೇ ಕೂತೆವು. ಬಲ್ಬ್ ಎಲ್ಲ ಭಂಗಿಗಳಲ್ಲೂ ಪ್ರಕಾಶಮಾನವಾಗಿಯೇ ಉರಿಯಿತು, ಆದ್ದರಿಂದ ಪವರ್ ಮತ್ತು ಅರ್ಥ್ ಸರಿ ಇವೆ. ಬೂಮ್ ಒಳಗಿದ್ದಾಗ 60.3 ಓಮ್, 3.2 ಮೀಟರ್ ಚಾಚಿದಾಗ 120.8. ಹುಡುಗನೊಬ್ಬ ಚೈನ್ ಹಿಡಿದು ಅಲುಗಿಸಿದಾಗ ಅಂಕಿ 60ಕ್ಕೂ 120ಕ್ಕೂ ಓಡಾಡುತ್ತಿತ್ತು. ಕಡಿದಿರುವುದು ಕ್ಯಾನ್ ಲೋ. ಆದರೆ ಚೈನ್ ಬಹಳ ಉದ್ದವಿದೆ, ಅದರಲ್ಲಿ ಯಾವ ಜಾಗ ಎಂದು ಎಲ್ಲವನ್ನೂ ಬಿಚ್ಚದೆ ತಿಳಿಯಲು ಸಾಧ್ಯವೇ? ಅಲ್ಲದೆ, 120 ಇದ್ದಾಗಲೂ ಒಮ್ಮೊಮ್ಮೆ ಯಂತ್ರ ಎರಡು ಮೂರು ಸೆಕೆಂಡ್ ಕೆಲಸ ಮಾಡಿದಂತೆ ಕಂಡಿತು, ಅದು ಹೇಗೆ?

ಉತ್ತರ 1 ಬರೆದವರಿಂದ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನೀವು ಓಮ್ ಅಳೆದದ್ದು ಯಂತ್ರ ನಿಂತಿರುವಾಗ, ಕೆಲಸ ಮಾಡಿದ್ದು ಅಲುಗಾಡುತ್ತಿರುವಾಗ. ಅಲುಗಾಟದಲ್ಲಿ ಮುರಿದ ತುದಿಗಳು ಕ್ಷಣಕಾಲ ತಗುಲಿದರೆ ಸಂದೇಶಗಳು ದಾಟಿಹೋಗುತ್ತವೆ.

ಜಾಗ ಹುಡುಕಲು ಒಂದು ಲೆಕ್ಕವಿದೆ. ಡ್ರ್ಯಾಗ್ ಚೈನ್‌ನ ಒಂದು ತುದಿ ಕದಲದೆ, ಇನ್ನೊಂದು ತುದಿ ಬೂಮ್ ಜೊತೆ ಚಲಿಸುವಾಗ, ಅದರ ಮಡಿಕೆ ಬೂಮ್ ಸರಿದದ್ದರ ಅರ್ಧದಷ್ಟು ಮಾತ್ರ ಸರಿಯುತ್ತದೆ. ನಿಮ್ಮ ದೋಷ 3.2 ಮೀಟರ್‌ಗೆ ಬರುತ್ತಿದೆ. ಹಾಗಾದರೆ ಬೂಮ್ ಒಳಗಿರುವಾಗ ಮಡಿಕೆ ಇದ್ದ ಜಾಗದಿಂದ 1.6 ಮೀಟರ್ ದೂರದ ಆಸುಪಾಸಿನ ತಂತಿ ಆ ಹೊತ್ತಿಗೆ ಮಡಿಕೆಯನ್ನು ಹೊಗುತ್ತಿರುತ್ತದೆ ಅಥವಾ ಬಿಡುತ್ತಿರುತ್ತದೆ. ಅಲ್ಲಿಗೆ ಚಾಕ್‌ಪೀಸ್‌ನಿಂದ ಗುರುತು ಹಾಕಿ, ಎರಡೂ ಕಡೆ ಒಂದಡಿಯಷ್ಟು ಚೈನ್‌ನ ಅಡ್ಡಪಟ್ಟಿಗಳನ್ನು ಮಾತ್ರ ತೆಗೆಯಿರಿ. ಹೊದಿಕೆ ನೋಡಲು ಚೆನ್ನಾಗಿಯೇ ಇರಬಹುದು, ಕಣ್ಣನ್ನು ನಂಬದೆ ತಂತಿಯನ್ನು ಬೆರಳುಗಳ ನಡುವೆ ಹಿಡಿದು ಸವರುತ್ತಾ ಹೋಗಿ. ತಾಮ್ರ ಮುರಿದ ಜಾಗದಲ್ಲಿ ತಂತಿ ಮೆತ್ತಗಾಗಿ, ಒಳಗೆ ಏನೂ ಇಲ್ಲದ ಕೊಳವೆಯಂತೆ ಮಡಚಿಕೊಳ್ಳುತ್ತದೆ. ಚೈನ್ ಬಿಚ್ಚುವಾಗ ಬೂಮ್ ಅಲುಗದಂತೆ ಕೀಲಿ ನಿಮ್ಮ ಜೇಬಿನಲ್ಲಿಯೇ ಇರಲಿ.

ಪ್ರಶ್ನೆ ಕೇಳಿದವರಿಂದ

ಸಿಕ್ಕಿತು. ಗುರುತಿನಿಂದ ಒಂದು ಗೇಣು ಆಚೆಗೆ ಇತ್ತು. ಹಿಂದೆ ಯಾರೋ ಕ್ಯಾನ್ ಕೇಬಲ್ ಅನ್ನು ಹೈಡ್ರಾಲಿಕ್ ಹೋಸ್‌ಗೆ ಕೇಬಲ್ ಟೈ ಹಾಕಿ ಬಿಗಿದಿದ್ದರು, ಆ ಟೈ ಇದ್ದಲ್ಲಿಯೇ ಹಸಿರು ತಂತಿ (ಕ್ಯಾನ್ ಲೋ) ಒಳಗೊಳಗೇ ಮುರಿದಿದೆ. ಅಷ್ಟು ಭಾಗ ಕತ್ತರಿಸಿ ಬೆಸುಗೆ ಹಾಕಿದರೆ ಸಾಕೇ?

ಉತ್ತರ 2 ಬರೆದವರಿಂದ

ಬೇಡ. ಚೈನ್‌ನ ಒಳಗೆ ಬೆಸುಗೆ ಹಾಕಿದರೆ ಸೀಸ ಹೀರಿದ ಎಳೆಗಳು ಕಡ್ಡಿಯಂತೆ ಗಟ್ಟಿಯಾಗುತ್ತವೆ, ಮುಂದಿನ ಬಾರಿ ಬೆಸುಗೆಯ ಅಂಚಿನಲ್ಲಿಯೇ ಮುರಿಯುತ್ತದೆ. ಚೈನ್‌ನ ಈ ತುದಿಯಿಂದ ಆ ತುದಿಯವರೆಗೆ ಬಾಗಿಬಾಗಿ ಕೆಲಸ ಮಾಡಲೆಂದೇ ತಯಾರಾದ, 120 ಓಮ್ ಇಂಪೆಡೆನ್ಸ್‌ನ (ಇದು ಮೀಟರ್‌ನಲ್ಲಿ ಕಾಣುವ ಓಮ್ ಅಲ್ಲ, ಕೇಬಲ್‌ನ ಗುಣ) ಹೆಣೆದ ಜೋಡಿ ಕೇಬಲ್ ಅನ್ನೇ ಹೊಸದಾಗಿ ಎಳೆಯಿರಿ. ಜೋಡಣೆಗಳು ಚೈನ್‌ನ ಹೊರಗೆ, ಬಾಗದ ಜಾಗದಲ್ಲಿ, ಕ್ರಿಂಪ್ ಮಾಡಿದ (ಪಿನ್ ಒತ್ತಿ ಬಿಗಿಸಿದ) ಕನೆಕ್ಟರ್‌ನಲ್ಲಿ ಬರಲಿ. ಹೆಣಿಗೆಯನ್ನು ಪಿನ್‌ಗೆ ಬೇಕಾದಷ್ಟೇ ಬಿಚ್ಚಿ. ಒತ್ತಡ ಏರಿದಾಗ ಹೋಸ್‌ನ ಉದ್ದ ಶೇಕಡ 2ರಷ್ಟು ಹಿಗ್ಗಬಹುದು, ಶೇಕಡ 4ರಷ್ಟು ಕುಗ್ಗಲೂಬಹುದು. ಅದಕ್ಕೆ ಕಟ್ಟಿದ ಕೇಬಲ್ ಪ್ರತಿ ಬಾರಿಯೂ ಜಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಚೈನ್‌ನ ಒಳಗೆ ಟೈ ಹಾಕದೆ, ಎರಡು ತುದಿಗಳಲ್ಲಿ ಮಾತ್ರ ಕ್ಲ್ಯಾಂಪ್ ಮಾಡಿ.

ಪ್ರಶ್ನೆ ಕೇಳಿದವರಿಂದ

ಕೇಬಲ್ ಪೂರ್ತಿ ಬದಲಿಸಿದೆವು. ಬೂಮ್ ಒಳಗಿದ್ದಾಗ, ಅರ್ಧ ಚಾಚಿದಾಗ, ಪೂರ್ತಿ ಚಾಚಿದಾಗ ಮೂರೂ ಬಾರಿ 60.2 ಬಂತು. ಖಾಲಿ ಬ್ಯಾಸ್ಕೆಟ್‌ನಲ್ಲಿ ನಲವತ್ತು ಸಲ ಚಾಚಿ ಒಳಗೆಳೆದೆವು, ಕೋಡ್ ಬರಲಿಲ್ಲ. ಕಳಚಿಟ್ಟಿದ್ದ ಹಳೆಯ ಕನ್ಸೋಲ್ ಅನ್ನೇ ಮತ್ತೆ ಹಾಕಿ ನೋಡಿದೆವು, ಅದೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಹೊಸದು ಈಗ ಸ್ಟೋರ್‌ನಲ್ಲಿ ಇದೆ, ಮಾಲೀಕರಿಗೆ ವಿಷಯ ಇನ್ನೂ ಹೇಳಿಲ್ಲ.