ನಿಷೇಧಾಜ್ಞೆ ತೆರವಾದ ಮೇಲೂ ಮಕ್ಕಳು ಶಾಲೆಗೆ ಬರುವುದು ತಡವೇಕೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ
ಮಾನ್ಯರೇ, 2022ರ ಫೆಬ್ರುವರಿಯಲ್ಲಿ ಯುವಕನೊಬ್ಬನ ಕೊಲೆಯ ನಂತರ, ಮತ್ತೆ ಆಗಸ್ಟ್‌ನಲ್ಲಿ ಫ್ಲೆಕ್ಸ್ ವಿವಾದದ ನಂತರ ನಗರದಲ್ಲಿ ನಿಷೇಧಾಜ್ಞೆ ಜಾರಿಯಾಗಿ ಶಾಲೆಗಳಿಗೆ ರಜೆ ಕೊಟ್ಟಿದ್ದು ತಮಗೆಲ್ಲ ನೆನಪಿರಬಹುದು. ರಜೆಯ ಬಗ್ಗೆ ನನ್ನ ತಕರಾರಿಲ್ಲ. ಶಾಲೆ ತೆರೆದ ಮರುದಿನವೇ ಗಂಡುಮಕ್ಕಳು ಬಂದರು. ಎರಡು ಬಸ್ಸು ಬದಲಿಸಿ ಬರುವ ಹೆಣ್ಣುಮಕ್ಕಳು ವಾರ ಕಳೆದರೂ ಬರಲಿಲ್ಲ. ಬೇರೆ ಕಡೆಯ ಅನುಭವವೇನು?

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ತೀರ್ಥಹಳ್ಳಿ ತಾಲ್ಲೂಕು
ನಕ್ಸಲ್ ನಾಯಕ ಸಾಕೇತ್ ರಾಜನ್ 2005ರ ಫೆಬ್ರುವರಿಯಲ್ಲಿ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹತನಾದ ನಂತರದ ವರ್ಷಗಳಲ್ಲಿ ನಾನು ಆಗುಂಬೆ ಕಡೆಯ ಶಾಲೆಯೊಂದರಲ್ಲಿದ್ದೆ. ಶಾಲೆ ಒಂದು ದಿನವೂ ಮುಚ್ಚಲಿಲ್ಲ. ಆದರೆ ಕೂಂಬಿಂಗ್, ಅಂದರೆ ನಕ್ಸಲರಿಗಾಗಿ ಪೊಲೀಸರು ಕಾಡು ಜಾಲಾಡುವ ಕಾರ್ಯಾಚರಣೆ, ನಡೆಯುತ್ತಿದೆ ಎಂಬ ಸುದ್ದಿ ಹಬ್ಬಿದೊಡನೆ ಕಾಡುದಾರಿಯಲ್ಲಿ ನಡೆದು ಬರುವ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ದಾರಿಯಲ್ಲಿ ಬಂದೂಕಿನವರು ಸಿಕ್ಕಾರು ಎಂಬ ಭಯ ಒಂದಾದರೆ, ‘ರಾತ್ರಿ ಯಾರು ಬಂದಿದ್ದರು, ಯಾರಿಗೆ ಊಟ ಹಾಕಿದಿರಿ’ ಎಂದು ಯಾರಾದರೂ ಮಗುವನ್ನೇ ಕೇಳಿಯಾರು ಎಂಬ ಅಂಜಿಕೆ ಇನ್ನೊಂದು. (ಮಳೆಗಾಲದಲ್ಲಿ ಹಳ್ಳ ದಾಟುವ ಸಂಕ, ಅಂದರೆ ಕಾಲುಸೇತುವೆ, ಕೊಚ್ಚಿಹೋದಾಗಲೂ ಇವೇ ಮಕ್ಕಳು ಗೈರು, ಹಾಜರಿ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು.)

ಉತ್ತರ: ವಕೀಲ, ಸಾಗರ
ಛತ್ತೀಸಗಢದ ಬಸ್ತಾರ್‌ನಲ್ಲಿ ಶಾಲೆಯ ಕಟ್ಟಡವೇ ಕಾದಾಟದ ನೆಲೆಯಾಯಿತು. ಭದ್ರತಾ ಪಡೆಗಳು ಶಾಲೆಗಳಲ್ಲಿ ಬಿಡಾರ ಹೂಡಿದವು, ಮಾವೋವಾದಿಗಳು ಕಟ್ಟಡಗಳನ್ನೇ ಉರುಳಿಸಿದರು; ಶಾಲೆಗಳನ್ನು ತೆರವುಗೊಳಿಸುವಂತೆ 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಊರಿನ ಶಾಲೆ ಇಲ್ಲದಾದ ಮಕ್ಕಳಿಗಾಗಿ ಸರ್ಕಾರ ‘ಪೋಟಾ ಕೇಬಿನ್’ ಎಂಬ ಬಿದಿರಿನ ವಸತಿಶಾಲೆಗಳನ್ನು ಕಟ್ಟಿಸಿತು. ಹಾಜರಿಯೇನೋ ಉಳಿಯಿತು, ಎಳೆಯ ಮಕ್ಕಳು ಮನೆ ಬಿಡಬೇಕಾಯಿತು. ನೈಜೀರಿಯಾದ ಚಿಬೋಕ್‌ನಲ್ಲಿ 2014ರ ಏಪ್ರಿಲ್‌ನಲ್ಲಿ 276 ವಿದ್ಯಾರ್ಥಿನಿಯರನ್ನು ಅಪಹರಿಸಿದ್ದು ವಸತಿಶಾಲೆಯಿಂದಲೇ. ಶಿವಮೊಗ್ಗವನ್ನು ಇವುಗಳ ಸಾಲಿನಲ್ಲಿ ನಿಲ್ಲಿಸುವುದು ಅತಿಶಯವಾದೀತು. ಆದರೂ ಮಗಳನ್ನು ಕಳುಹಿಸಬೇಕೇ ಬೇಡವೇ ಎಂದು ತೂಗುವ ತಾಯಿಗೆ ಸರ್ಕಾರಿ ಆದೇಶಕ್ಕಿಂತ ಬಸ್ ನಿಲ್ದಾಣದಿಂದ ಶಾಲೆಯವರೆಗಿನ ದಾರಿಯೇ ಮುಖ್ಯ.

ಉತ್ತರ: ಪೋಷಕ, ಶಿವಮೊಗ್ಗ
ಗಾಂಧಿ ಬಜಾರ್ ಮುಚ್ಚಿದರೆ ನನ್ನಂಥ ಹಮಾಲರಿಗೆ ಅಂದಿನ ಕೂಲಿಯಿಲ್ಲ. ಬಾಗಿಲು ತೆರೆದ ದಿನ ಕೈಕೆಲಸಕ್ಕೆ ಮಗನನ್ನೂ ಕರೆದೊಯ್ದೆ. ಮೇಡಂ, ಗಂಡುಮಕ್ಕಳೆಲ್ಲ ಬಂದರೆಂಬುದು ಪೂರ್ತಿ ನಿಜವಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿ
ತಮ್ಮ ಮಾತು ಸರಿ. ಆ ವಾರದ ಹಾಜರಿ ಪುಸ್ತಕವನ್ನು ಮತ್ತೆ ತೆರೆದು ನೋಡಿದೆ, ಹಿಂದಿನ ಬೆಂಚಿನ ಮೂವರು ಹುಡುಗರೂ ಬಂದಿರಲಿಲ್ಲ. ಮೇಷ್ಟ್ರೇ, ಇನ್ನು ಮುಂದೆ ಗೈರಿನ ಪಕ್ಕದಲ್ಲಿ ಕಾರಣವನ್ನೂ ಬರೆದಿಡುತ್ತೇನೆ.